ಕೊರಳಿನ ಕರಡಿಗೆ, ಕಪಾಟಿನ ವಹಿ

ಮಾಳಮಡ್ಡಿಯ ನಮ್ಮ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕೋಣೆ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮೂಗು ಎಳೆದ ಕಡೆ ಹೋದರೆ ಸಾಕು. ಬಾಗಿಲ ಹೊರಗೆ ರಾಶಿ ಬಿದ್ದ ಚಪ್ಪಲಿಗಳ ವಾಸನೆ, ಅದರ ಮೇಲೆ ಫಿನೈಲು, ಅದರೊಳಗೆ ಹಸಿರು ಕಾರ್ಪೆಟ್ಟಿನ ಮುಗ್ಗಲು. ಕಳೆದ ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ನನ್ನನ್ನು ಕರೆದಿದ್ದರು. ಆಮಂತ್ರಣ ಪತ್ರಿಕೆಯಲ್ಲಿ 'ಹಳೆಯ ವಿದ್ಯಾರ್ಥಿ, ಮಿಮಿಕ್ರಿ ಕಲಾವಿದ' ಎಂದು ಅಚ್ಚು ಹಾಕಿಸಿದ್ದರು. ಕಲಾವಿದ ಎಂಬ ಶಬ್ದ ನೋಡಿ ನಮ್ಮವ್ವ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾದವರು ಚಹಾ ಕುಡಿಯಲು ಇಳಿದಾಗ ಜನ ಎದ್ದು ಹೋಗದಂತೆ ಹತ್ತು ನಿಮಿಷ ಹಿಡಿದಿಡುವುದು ನನ್ನ ಕಲೆ. ಮಂತ್ರಿ, ಮಾಸ್ತರ, ಎಮ್ಮೆ, ಕೆಟ್ಟ ಲೂನಾ, ಎಲ್ಲವೂ ನನ್ನ ಬಾಯಲ್ಲಿ ಇವೆ. ಎಮ್ಮೆಗೆ ಹೆಚ್ಚು ಚಪ್ಪಾಳೆ.

ನನ್ನ ಪಾಳಿ ಬರುವವರೆಗೆ ಕೂಡಲಿ ಎಂದು ಜವಾನ ಅದೇ ಕೋಣೆಯ ಕೀಲಿ ತೆಗೆದುಕೊಟ್ಟ. ಬಾಗಿಲಲ್ಲಿ ನನ್ನ ಕಾಲುಗಳು ನನ್ನನ್ನು ಕೇಳದೆ ಚಪ್ಪಲಿ ಕಳಚಿದವು. ಒಳಗೆ ಕಂಪ್ಯೂಟರುಗಳು ಬದಲಾಗಿವೆ, ಚಪ್ಪಟೆಯಾಗಿವೆ. ಗೋಡೆಯ ಮೇಲಿನ ಫೋಟೋ ಮಾತ್ರ ಅದೇ. ಕೋಣೆ ಉದ್ಘಾಟನೆಯ ದಿನದ್ದು. ಆಡಳಿತ ಮಂಡಳಿಯ ಆಗಿನ ಅಧ್ಯಕ್ಷರು, ನಾವೆಲ್ಲ ಚೇರಮನ್ನರು ಎನ್ನುತ್ತಿದ್ದವರು, ಕರುವಿನ ಬೆನ್ನು ಸವರುವಂತೆ ಮೌಸಿನ ಮೇಲೆ ಕೈ ಇಟ್ಟು ನಿಂತಿದ್ದಾರೆ. ಹಸಿರು ಕಾರ್ಪೆಟ್ಟಿನ ಮೇಲೆ ಅವರ ಕರಿ ಬೂಟು ಮಿಂಚುತ್ತಿದೆ. ಮೂಲೆಯಲ್ಲಿ, ಅರ್ಧ ಮುಖ ಚೌಕಟ್ಟಿನ ಹೊರಗೆ ಹೋದ ಹಾಗೆ, ಬರಿಗಾಲಲ್ಲಿ ನಮ್ಮ ಕಂಪ್ಯೂಟರ್ ಶಿಕ್ಷಕಿ ಶಿವಲೀಲಾ ಅಕ್ಕೋರು.

ಆ ವರ್ಷವನ್ನು ಆ ಬೂಟು ಕೆಡಿಸಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಕೆಡಿಸಿದವನು ನಾನು.

ಎರಡು ಸಾವಿರದ ಎರಡರ ಜೂನ್. ನಾನು ಹತ್ತನೇ ಇಯತ್ತೆ. ಧಾರವಾಡದ ಮಳೆ ಗೊತ್ತಲ್ಲ, ಬಿದ್ದಂತೆಯೂ ಕಾಣುವುದಿಲ್ಲ, ಬಿಟ್ಟಂತೆಯೂ ಕಾಣುವುದಿಲ್ಲ, ಆದರೆ ಕಾಲುಚೀಲ ಮಾತ್ರ ಸೆಪ್ಟೆಂಬರಿನವರೆಗೆ ಒಣಗುವುದಿಲ್ಲ. ಅಂಥ ಹಸಿ ಕಾಲುಗಳನ್ನು ಕಂಪ್ಯೂಟರ್ ಕೋಣೆಯೊಳಗೆ ಇಡುವ ಮೊದಲು ಗೋಣಿಚೀಲಕ್ಕೆ ಮೂರು ಸಲ ಒರೆಸಬೇಕು ಎಂಬುದು ಅಕ್ಕೋರ ಮೊದಲ ಪಾಠ. ನಾಲ್ಕು ಕಂಪ್ಯೂಟರು, ಅರವತ್ತು ಮಕ್ಕಳು. ಒಂದು ಕಂಪ್ಯೂಟರಿಗೆ ಮಾತ್ರ ಆಫೀಸಿನ ಫೋನಿನ ತಂತಿ ಎಳೆದು ಇಂಟರ್ನೆಟ್ ಕೊಟ್ಟಿದ್ದರು. ಹೆಡ್ ಸರ್ ಮನೆಗೆ ಫೋನು ಹಚ್ಚಿ ಪಲ್ಯ ಏನು ಎಂದು ಕೇಳಿದರೆ ಇಲ್ಲಿ ನಮ್ಮ ಜಗತ್ತು ಕಡಿದು ಬೀಳುತ್ತಿತ್ತು.

ಅಕ್ಕೋರು ದಿನಾ ಹಳೇ ಹುಬ್ಬಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ವಯಸ್ಸು ಇಪ್ಪತ್ತನಾಲ್ಕು ಇದ್ದೀತು. ಕಂಪ್ಯೂಟರಿನ ಡಿಪ್ಲೊಮಾ ಮಾಡಿದ್ದರು. ನೌಕರಿ ತಾತ್ಪೂರ್ತಿಕ. ಒಂದು ವರ್ಷ ನೋಡುತ್ತೇವೆ, ಚೆನ್ನಾಗಿ ನಡೆಸಿದರೆ ಬರುವ ಜೂನ್‌ನಲ್ಲಿ ಕಾಯಂ ಮಾಡುತ್ತೇವೆ ಎಂದು ಮಂಡಳಿಯವರು ಹೇಳಿದ್ದರು. ಇದು ನಮಗೆಲ್ಲ ಹೇಗೆ ಗೊತ್ತೆಂದರೆ, ಜವಾನ ಫಕೀರಪ್ಪ ಕಾಕಾನಿಗೆ ಗೊತ್ತಿದ್ದದ್ದು ಊರಿಗೆಲ್ಲ ಗೊತ್ತು.

ನನ್ನ ಹೆಸರು ಬಸವರಾಜ. ಆದರೆ ಹಾಜರಿ ಕರೆಯುವವರನ್ನು ಬಿಟ್ಟರೆ ಶಾಲೆಯಲ್ಲಿ ಯಾರೂ ಆ ಹೆಸರು ಬಳಸುತ್ತಿರಲಿಲ್ಲ. ಗಿಣಿ ಎನ್ನುತ್ತಿದ್ದರು. ಯಾರದಾದರೂ ಧ್ವನಿ ಎರಡು ದಿನ ಕಿವಿಗೆ ಬಿದ್ದರೆ ಮೂರನೇ ದಿನ ನನ್ನ ಬಾಯಿಗೆ ಬರುತ್ತಿತ್ತು. ಹೆಡ್ ಸರ್ ಮೂರು ಸಲ ಕೆಮ್ಮಿ, ಆಮೇಲೆ ಮೂಗಿನಿಂದ ಮಾತು ಶುರು ಮಾಡುವವರು. ಅಕ್ಕೋರ ಪ್ರತಿ ಮಾತಿಗೂ ಒಂದೇ ಹೊಸ್ತಿಲು: "ಅಲ್ಲ, ನಾ ಏನಂತೇನಿ ಅಂದ್ರ…" ಜುಲೈ ಮೊದಲ ವಾರದಲ್ಲೇ ನಾನು ಗೋಣಿಚೀಲದ ಮೇಲೆ ನಿಂತು ಅದನ್ನು ಮಾಡಿ ತೋರಿಸುತ್ತಿದ್ದಾಗ ಅಕ್ಕೋರು ಹಿಂದೆ ಬಂದು ನಿಂತಿದ್ದರು. ಹುಡುಗರ ನಗು ಒಮ್ಮೆಲೇ ನಿಂತಿತು. ನನ್ನ ಬೆನ್ನು ಬೆತ್ತಕ್ಕೆ ತಯಾರಾಯಿತು. ಅವರು ಬೆತ್ತ ಹಿಡಿಯುವವರೇ ಅಲ್ಲ. ಬೆಂಚಿನ ತುದಿಗೆ ಕುಳಿತು, ಪೂರ್ತಿ ಮಾಡು ಎಂದರು. ಮಾಡಿದೆ. "ಧ್ವನಿ ಖರೇ ಐತಿ. ಕೈ ತಪ್ಪೈತಿ. ನಾ ಕೈ ಹಿಂಗ ತಿರುವ್ತೇನಿ" ಎಂದು ತೋರಿಸಿಕೊಟ್ಟರು. ಅನುಕರಣೆ ಮಾಡಿದವನಿಗೆ ತಿದ್ದಿ ಹೇಳಿಕೊಟ್ಟವರು ಇಡೀ ಧಾರವಾಡದಲ್ಲಿ ಅವರೊಬ್ಬರೇ. ಇದನ್ನು ಮುಂದಿನದರ ಜೊತೆ ಇಟ್ಟು ಓದಬೇಕು.

ಪಠ್ಯದಲ್ಲಿ ಇದ್ದದ್ದು ಇಷ್ಟೇ: ಇದು ಕೀಬೋರ್ಡು, ಇದು ಮಾನಿಟರು, ಚಿತ್ರ ಬಿಡಿಸಿ ಹೆಸರಿಸಿ. ಅಕ್ಕೋರಿಗೆ ಅದು ಸಾಕಾಗಲಿಲ್ಲ. ಶನಿವಾರ ಮುಂಜಾನೆ ಶಾಲೆ, ಕೊನೆಯ ತಾಸು ಕಂಪ್ಯೂಟರಿನದು. ಅದರಲ್ಲಿ ಕೊನೆಯ ಹತ್ತು ನಿಮಿಷ ಯಂತ್ರಗಳನ್ನೆಲ್ಲ ಆರಿಸಿ, ನಮ್ಮನ್ನು ಕಾರ್ಪೆಟ್ಟಿನ ಮೇಲೆ ಕೂಡ್ರಿಸಿ ಅವರು ಬೇರೆಯೇ ಪಾಠ ಹೇಳುತ್ತಿದ್ದರು. ಇಂಟರ್ನೆಟ್ ಅಂಗಡಿಗೆ ಹೋದರೆ ಎದ್ದು ಬರುವ ಮೊದಲು ಲಾಗೌಟ್ ಮಾಡಬೇಕು, ಇಲ್ಲದಿದ್ದರೆ ಬಾಗಿಲು ತೆರೆದಿಟ್ಟು ಸಂತೆಗೆ ಹೋದ ಹಾಗೆ. ಗುರುತಿಲ್ಲದವರು ಸಿಹಿಯಾಗಿ ಬರೆದರೆ ಉತ್ತರ ಕೊಡಬೇಡಿ. ಯಾರ ಫೋಟೋವನ್ನೂ ಅವರನ್ನು ಕೇಳದೆ ಕಳಿಸಬೇಡಿ. ಮತ್ತು ಎಲ್ಲಕ್ಕೂ ಮೇಲೆ, ಎರಡು ಶನಿವಾರಕ್ಕೊಮ್ಮೆ ತಪ್ಪದೆ: "ಮಾರಿ ಮುಂದ ನಿಂತು ಹೇಳಲಾರದ್ದನ್ನ ಮಷೀನ್ಯಾಗ ಹೇಳಬ್ಯಾಡ್ರಿ."

ಅದೇ ಹತ್ತು ನಿಮಿಷದಲ್ಲಿ ಒಂದು ದಿನ ಪಾಸ್‌ವರ್ಡ್ ಬಂತು. ಪ್ರತಿಯೊಬ್ಬರಿಗೂ ಒಂದು ಇ-ಮೇಲ್ ಮಾಡಿಸಿಕೊಟ್ಟಿದ್ದರು. ನಮಗೆ ಪಾಸ್‌ವರ್ಡ್ ಎಂದರೆ ಗೆಳೆಯನ ಕಿವಿಯಲ್ಲಿ ಹೇಳಿ ದೊಡ್ಡಸ್ತಿಕೆ ಮಾಡುವ ವಸ್ತು. ಅಕ್ಕೋರು ಮುಂದಿನ ಸಾಲಿನ ಈರಣ್ಣನ ಅಂಗಿಯ ಮೇಲೆ ಬೆರಳು ತೋರಿಸಿದರು. ಅವನ ಕೊರಳಲ್ಲಿ ಲಿಂಗದ ಕರಡಿಗೆ. ನಮ್ಮ ತರಗತಿಯಲ್ಲಿ ಅರ್ಧ ಮಂದಿಯ ಕೊರಳಲ್ಲಿ ಅದಿತ್ತು, ನನ್ನದರಲ್ಲಿಯೂ, ಅವರದರಲ್ಲಿಯೂ.

"ಅಲ್ಲ, ನಾ ಏನಂತೇನಿ ಅಂದ್ರ, ಕೊರಳಾಗಿನ ಕರಡಿಗಿ ಬಿಚ್ಚಿ ಗೆಣೆಕಾರನ ಕೈಯಾಗ ಕೊಡ್ತೀಯೇನು? ಹೆಡ್ ಸರ್ ಕೇಳಿದ್ರ ಕೊಡ್ತೀಯೇನು? ನಾ ಕೇಳಿದ್ರ?"

ಈರಣ್ಣ ಎರಡೂ ಕೈಯಿಂದ ಕರಡಿಗೆ ಮುಚ್ಚಿಕೊಂಡು ಇಲ್ಲವೆಂದು ತಲೆ ಅಲ್ಲಾಡಿಸಿದ. ಹಿಂದಿನಿಂದ ದಾವಲ ಎದ್ದುನಿಂತು, ಕರಡಿಗೆ ಇಲ್ಲದವರು ಏನು ಮಾಡಬೇಕ್ರೀ ಎಂದ. ಅವನ ತೋಳಿನ ತಾಯತ ತೋರಿಸಿ, ಅದನ್ನು ಯಾರಿಗಾದರೂ ಕಟ್ಟಲು ಕೊಡುತ್ತೀಯಾ ಎಂದರು ಅಕ್ಕೋರು. ಅವನೂ ಮುಚ್ಚಿಕೊಂಡ. ಮನೆಗೆ ಹೋಗುವಾಗ ಅರವತ್ತು ಹುಡುಗ ಹುಡುಗಿಯರು ತಮ್ಮ ತಮ್ಮ ಕೊರಳು, ತೋಳು, ಉಡದಾರ ಮುಟ್ಟಿ ನೋಡಿಕೊಳ್ಳುತ್ತ ಹೋದೆವು. ಅಷ್ಟು ಚೆನ್ನಾಗಿ ತಲೆಯೊಳಗೆ ಇಳಿದ ಪಾಠ ನನ್ನ ಹತ್ತು ವರ್ಷದ ಶಾಲೆಯಲ್ಲಿ ಇನ್ನೊಂದಿಲ್ಲ.

ಹೆಡ್ ಸರ್‌ಗೆ ಈ ಸುದ್ದಿ ಹೋಯಿತು. ಅವರು ಕೆಟ್ಟ ಮನುಷ್ಯರಲ್ಲ. ಅವರಿಗಿದ್ದ ರೋಗ ಒಂದೇ, ದಾಖಲೆ. ನಮ್ಮ ಶಾಲೆಯಲ್ಲಿ ಸೀಮೆಸುಣ್ಣದ ಖಡುವಿಗೊಂದು ವಹಿ, ಕಸಬರಿಗೆಗೊಂದು ವಹಿ, ವಹಿಗಳು ಎಷ್ಟಿವೆ ಎಂದು ಬರೆಯಲು ಒಂದು ವಹಿ. ಅರವತ್ತು ಮಕ್ಕಳು ಹೆಡ್ ಮಾಸ್ತರಿಗೆ ಗೊತ್ತಿರದ ಅರವತ್ತು ಗುಟ್ಟು ಇಟ್ಟುಕೊಂಡು ತಿರುಗುತ್ತಿದ್ದಾರೆ ಎಂದು ಕೇಳಿ ಅವರಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಮರುದಿನವೇ ಕೆಂಪು ರಟ್ಟಿನ ಹೊಸ ವಹಿ ಬಂತು. ಹೆಸರು, ಇ-ಮೇಲ್, ಪಾಸ್‌ವರ್ಡ್, ಸಹಿ. ವಿದ್ಯಾರ್ಥಿಗಳಿಗೆ ಅಷ್ಟೇ ಅಲ್ಲ, ಶಿಕ್ಷಕರಿಗೂ. ಹಾಗೆ ಬರೆಸಬಾರದು ಎಂದು ಅಕ್ಕೋರು ಆಫೀಸಿಗೆ ಹೋಗಿ ಹೇಳಿ ನೋಡಿದರು. ವಹಿ ತಮ್ಮ ಕಬ್ಬಿಣದ ಕಪಾಟಿನಲ್ಲಿ ಇರುತ್ತದೆ, ಕೀಲಿಕೈ ತಮ್ಮ ಕಿಸೆಯಲ್ಲಿ ಇರುತ್ತದೆ, ಅದಕ್ಕಿಂತ ಭದ್ರ ಜಾಗ ಜಿಲ್ಲೆಯಲ್ಲಿ ಯಾವುದಿದೆ ಎಂದು ಹೆಡ್ ಸರ್ ಕೇಳಿದರಂತೆ. ತಾತ್ಪೂರ್ತಿಕದವರು ಕಾಯಂದವರ ಜೊತೆ ಎಷ್ಟು ಹೊತ್ತು ವಾದ ಮಾಡಿಯಾರು?

ವಹಿ ಸಾಲಿನಿಂದ ಸಾಲಿಗೆ ಬಂತು. ನಾವೆಲ್ಲ ಸುಳ್ಳು ಬರೆದೆವು. ಒಬ್ಬರೂ ಒಬ್ಬರಿಗೆ ಹೇಳಿಕೊಳ್ಳಲಿಲ್ಲ, ಆದರೂ ಎಲ್ಲರೂ ಸುಳ್ಳೇ ಬರೆದೆವು. ಕರಡಿಗೆ ಬಿಚ್ಚಿ ಕೊಡುವುದು ಹೇಗೆ? ನಾನು ನನ್ನ ಹೆಸರಿನ ಮುಂದೆ ಹಲಸಿನಹಣ್ಣು ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ದೊಡ್ಡ ಸಹಿ ಮಾಡಿದೆ.

ಉದ್ಘಾಟನೆ ಆದದ್ದು ಸೆಪ್ಟೆಂಬರಿನಲ್ಲಿ, ಕೋಣೆ ಶುರುವಾಗಿ ಮೂರು ತಿಂಗಳ ಮೇಲೆ, ಏಕೆಂದರೆ ಚೇರಮನ್ನರಿಗೆ ಅದಕ್ಕೂ ಮೊದಲು ಪುರುಸೊತ್ತಾಗಲಿಲ್ಲ. ಹತ್ತಿ ವ್ಯಾಪಾರದ ದೊಡ್ಡ ಕುಳ. ಬಂದವರೇ ಬೂಟು ಸಮೇತ ಒಳಗೆ ನಡೆದರು. ಅವರ ಹಿಂದೆ ಮಂಡಳಿಯ ಆರು ಜನ, ಆರು ಜೋಡಿ ಬೂಟು. ಮಳೆಗಾಲದ ಕೆಸರು ಹಸಿರಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ ಮೂಡಿತು. ನಾವು ಬರಿಗಾಲಿನ ಅರವತ್ತು ಮಂದಿ ಅಕ್ಕೋರ ಮುಖ ನೋಡಿದೆವು. ಅವರ ಬಾಯಿ 'ಅಲ್ಲ' ಎನ್ನುವಷ್ಟು ತೆರೆಯಿತು, ಮುಚ್ಚಿತು. ಹೋಗುವಾಗ ಚೇರಮನ್ನರು ತಮ್ಮ ಇ-ಮೇಲ್ ವಿಳಾಸ ಹಲಗೆಯ ಮೇಲೆ ಬರೆಸಿ, ಮಕ್ಕಳು ನನಗೆ ಪತ್ರ ಹಾಕಬೇಕು ಎಂದು ಅಪ್ಪಣೆ ಮಾಡಿದರು. ಅವರು ಹೋದ ಮೇಲೆ ಅಕ್ಕೋರು ಸೆರಗು ಸಿಕ್ಕಿಸಿ ಫಕೀರಪ್ಪ ಕಾಕಾನ ಜೊತೆ ಕಾರ್ಪೆಟ್ಟು ತೊಳೆದರು. ಒಂದು ವಾರ ನಾನು ಆ ತೆರೆದು ಮುಚ್ಚಿದ ಬಾಯಿಯನ್ನೇ ಮಾಡಿ ತೋರಿಸಿ ಹುಡುಗರನ್ನು ನಗಿಸಿದೆ.

ಅಕ್ಟೋಬರಿನಲ್ಲಿ ಖಂಡೇ ಪೂಜೆ. ಶಾಲೆಯ ಆಯುಧಗಳೆಂದರೆ ನಾಲ್ಕು ಕಂಪ್ಯೂಟರು, ಭೂಪಟದ ಕೋಲು, ಮರದ ಕೈವಾರ, ಗಂಟೆ ಹೊಡೆಯುವ ಸುತ್ತಿಗೆ. ಹೆಡ್ ಸರ್ ಪಾಲಿಗೆ ವಹಿಗಳೂ ಆಯುಧಗಳೇ. ಕಪಾಟು ತೆರೆದು ಎಲ್ಲವನ್ನೂ ಹೊರಗೆ ತರಿಸಿ ಕಂಪ್ಯೂಟರ್ ಕೋಣೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಪ್ರತಿ ವಹಿಗೆ ವಿಭೂತಿ ಎಳೆದು ಕುಂಕುಮ ಹಚ್ಚುವ ಕೆಲಸ ನನಗೆ ಬಂತು. ಎಲ್ಲರೂ ಹೊರಗೆ ಬಾಳೆಕಂಬ ಕಟ್ಟುತ್ತಿದ್ದರು. ಜಿಲ್ಲೆಯಲ್ಲಿ ಅದಕ್ಕಿಂತ ಭದ್ರ ಜಾಗ ಇಲ್ಲದ ಕೆಂಪು ವಹಿ, ವಿಭೂತಿ ಬಟ್ಟಲಿನ ಪಕ್ಕ, ನನ್ನ ಕೈಗೆ ಒಂದು ಗೇಣು ದೂರದಲ್ಲಿ.

ಗೆಳೆಯರ ಸುಳ್ಳುಗಳನ್ನು ಓದಿ ನಗೋಣ ಎಂದು ತೆರೆದೆ. ನಕ್ಕೆ. ಕೊನೆಯ ಹಾಳೆಯಲ್ಲಿ ಶಿಕ್ಷಕರ ಪಟ್ಟಿ. ಉಳಿದ ಮಾಸ್ತರರಿಗೆ ಇ-ಮೇಲ್ ಇರಲಿಲ್ಲ, ಗೀಟು ಎಳೆದಿದ್ದರು. ಶಿವಲೀಲಾ ಎಂಬ ಹೆಸರಿನ ಮುಂದೆ ಮುತ್ತಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಕಾಯಂ ಎಂದು ಬರೆದು ಅದಕ್ಕೆ ಎರಡು ಸಾವಿರದ ಮೂರು ಹಚ್ಚಿದ್ದರು.

ಸುಳ್ಳೇ ಇರಬೇಕು ಎಂದುಕೊಂಡೆ. ಅರವತ್ತು ಮಕ್ಕಳಿಗೆ ಕಲಿಸಿದವರು ತಾವೇ ಖರೇ ಬರೆಯುತ್ತಾರೆಯೇ? ಪೂಜೆ ಮುಗಿಸಿ ಚುರುಮುರಿ ತಿಂದು ಸುಭಾಸ ರೋಡಿನ ಇಂಟರ್ನೆಟ್ ಅಂಗಡಿಗೆ ಹೋದೆ. ಹಾಕಿ ನೋಡಿದೆ. ಬಾಗಿಲು ತೆರೆಯಿತು. ಹೆಡ್ ಸರ್ ಬರೆ ಎಂದರು, ಅಕ್ಕೋರು ಖರೇನೇ ಬರೆದಿದ್ದರು. ಅವರ ಪಾಠವನ್ನು ನಾವೆಲ್ಲ ಕೇಳಿದ್ದೆವು, ಅವರೊಬ್ಬರು ಕೇಳಿರಲಿಲ್ಲ.

ಅಲ್ಲಿಗೇ ಮುಚ್ಚಿ ಎದ್ದು ಬರಬಹುದಿತ್ತು. ಆದರೆ ಗಿಣಿಗೆ ಒಂದು ಆಸೆ ಹುಟ್ಟಿತು: ಬಾಯಿಲ್ಲದೆ ಧ್ವನಿ ಮಾಡಬಹುದೇ? ಬರೀ ಅಕ್ಷರದಲ್ಲಿ ಅಕ್ಕೋರನ್ನು ಮಾಡಿದರೆ ಗುರುತು ಸಿಗುತ್ತದೆಯೇ? ಒಂದೇ ಬೆರಳಿನಿಂದ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತ, ಒಂದು ತಾಸು ಕುಳಿತು ಚೇರಮನ್ನರಿಗೆ ಪತ್ರ ಬರೆದೆ. ಅದು ಇವತ್ತಿಗೂ ನನಗೆ ಬಾಯಿಪಾಠ ಇದೆ.

"ಅಲ್ಲ, ನಾ ಏನಂತೇನಿ ಅಂದ್ರ, ಧೂಳಿಗೆ ಚೇರಮನ್ನರು ಯಾರು, ಜವಾನ ಯಾರು ಗೊತ್ತಾಗಂಗಿಲ್ರಿ. ಅವತ್ತು ತಾವು ಬೂಟು ಹಾಕ್ಕೊಂಡು ಒಳಗ ಬಂದ್ರಿ. ಮಕ್ಕಳಿಗೆ ಬ್ಯಾಡ ಅಂದದ್ದನ್ನ ಹಿರ್ಯಾರು ಮಾಡಬಾರದು. ಇನ್ನೊಮ್ಮೆ ಬಂದಾಗ ಬೂಟು ಬಾಗಲದಾಗ ಬಿಡ್ರಿ. ಬೂಟು ಬಿಡೂದು ಆಗಂಗಿಲ್ಲ ಅಂದ್ರ ತಾವೂ ಬಾಗಲದಾಗ ನಿಲ್ರಿ."

ಕಳಿಸಿದೆ. ಆಮೇಲೆ, ನಗಬೇಡಿ, ಲಾಗೌಟ್ ಮಾಡಿದೆ. ಪಾಠ ಅಷ್ಟು ಪಕ್ಕಾ ಆಗಿತ್ತು.

ಮರುದಿನ ಬನ್ನಿ. ನಮ್ಮ ಕಡೆ ದಸರೆಯ ದಿನ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿ, ವರ್ಷದ ಸಿಟ್ಟು ಸೆಡವು ತೀರಿಸಿಕೊಳ್ಳುತ್ತಾರೆ. ಅಕ್ಕೋರು ಹುಬ್ಬಳ್ಳಿಯವರಾದ್ದರಿಂದ ಶಾಲೆ ತೆರೆದ ದಿನ ಅವರಿಗೆ ಬನ್ನಿ ಕೊಟ್ಟೆವು. ನಾನು ಎಲ್ಲರಿಗಿಂತ ಮುಂದೆ ಹೋಗಿ ಎಲೆ ಇಟ್ಟು ಕಾಲು ಮುಟ್ಟಿದೆ. "ನಾವು ನೀವು ಬಂಗಾರದಂಗ ಇರೋಣಪಾ" ಎಂದು ಅವರು ನನ್ನ ತಲೆ ಮುಟ್ಟಿದರು. ಆ ಎಲೆಗಳು ಅವರ ಕೈಯಲ್ಲಿ ಇರುವಾಗಲೇ ಫಕೀರಪ್ಪ ಕಾಕಾ ಬಂದು, ಹೆಡ್ ಸರ್ ಕರೀತಾರ ಬರ್ರಿ ಅಕ್ಕೋರ ಎಂದ.

ಚೇರಮನ್ನರ ಮಗ ಪತ್ರವನ್ನು ಕಾಗದದ ಮೇಲೆ ತೆಗೆಸಿದ್ದ. ಚೇರಮನ್ನರು ಅದನ್ನು ಮಂಡಳಿಯ ಸಭೆಯಲ್ಲಿ ತಾವೇ ಗಟ್ಟಿಯಾಗಿ ಓದಿದ್ದರು. ಆರೂ ಜನಕ್ಕೆ ಕೂಡಲೇ ಗುರುತು ಸಿಕ್ಕಿತಂತೆ, ಆಕೆಯದೇ ಮಾತು, ಆಕೆಯದೇ ಧಾಟಿ ಎಂದು. ನನ್ನ ಕಲೆಗೆ ಸಿಕ್ಕ ಮೊದಲ ಮನ್ನಣೆ ಅದು. ಅಷ್ಟು ಖರೇ ನಾನು ಆಮೇಲೆ ಯಾರನ್ನೂ ಮಾಡಿಲ್ಲ.

ಆಫೀಸಿನಲ್ಲಿ ನಡೆದದ್ದನ್ನು ಫಕೀರಪ್ಪ ಕಾಕಾ ನಲ್ಲಿಯ ಕಟ್ಟೆಯ ಮೇಲೆ ಕುಳಿತು ಹೇಳಿದ. ತಾನು ಬರೆದಿಲ್ಲ, ಯಾರೋ ತನ್ನ ಪಾಸ್‌ವರ್ಡ್ ಬಳಸಿದ್ದಾರೆ ಎಂದು ಅಕ್ಕೋರು ಹೇಳಿದರಂತೆ. ಹೆಡ್ ಸರ್ ಮೂರು ಸಲ ಕೆಮ್ಮಿದರಂತೆ.

"ವಹಿ ನನ್ನ ಕಪಾಟಿನ್ಯಾಗ ಅದ. ಕೀಲಿಕೈ ನನ್ನ ಕಿಸೇದಾಗ ಅದ. ಹಂಗಂದ್ರ ಕಳವು ಮಾಡಿದಾಂವ ನಾನೇನ್ರಿ?"

"ನಾ ಹಂಗನ್ನಲಿಲ್ರಿ ಸರ್. ನಾ ಬರದಿಲ್ಲ ಅಂತ ಅಷ್ಟ ಅಂದೆ."

ಖಂಡೇ ಪೂಜೆಯ ದಿನ ಕಪಾಟು ತೆರೆದಿತ್ತು ಎಂಬುದು ಹೆಡ್ ಸರ್‌ಗೆ ನೆನಪಾಗಲಿಲ್ಲವೋ, ನೆನಪಾಗಿಯೂ ಬೇಡವಾಯಿತೋ. ಒಪ್ಪಿಕೊಂಡಿದ್ದರೆ ವಹಿ ಸೋರಿತು ಎಂದಾಗುತ್ತಿತ್ತು, ಮೂವತ್ತು ವರ್ಷದ ದಾಖಲೆ ಮೈಲಿಗೆಯಾಗುತ್ತಿತ್ತು. ಅದಕ್ಕಾಗಿ ಅವರು ಅಕ್ಕೋರನ್ನು ಬೈಯಲಿಲ್ಲ, ಬೇಡಿಕೊಂಡರು. ತಪ್ಪಾಯಿತು ಎಂದು ಎರಡು ಸಾಲು ಬರೆದುಕೊಡಿ, ಫೈಲಿನಲ್ಲಿ ಇಡುತ್ತೇನೆ, ಚೇರಮನ್ನರು ತಣ್ಣಗಾಗುತ್ತಾರೆ, ಜೂನ್‌ನಲ್ಲಿ ನಿಮ್ಮ ಕೆಲಸ ಆಗುತ್ತದೆ. ದೀಪಾವಳಿ ಸೂಟಿಯವರೆಗೆ ಸಮಯ ಕೊಟ್ಟರು. "ನಾ ಪತ್ರ ಬರದಿದ್ರ ತಪ್ಪಾತು ಅಂತಿದ್ದೆರಿ. ಬರದಿಲ್ಲ" ಎಂದು ಹೇಳಿ ಅಕ್ಕೋರು ಎದ್ದು ಬಂದರಂತೆ.

ಸೂಟಿಗೆ ಮೊದಲಿನ ಶನಿವಾರ. ಮಳೆ ನಿಂತು ಬಿಸಿಲು ಚುರುಕಾಗಿತ್ತು. ಬಾಗಿಲ ಹೊರಗಿನ ಚಪ್ಪಲಿಗಳು ಮೊದಲ ಸಲ ಒಣಗಿದ್ದವು. ಕೊನೆಯ ಹತ್ತು ನಿಮಿಷದಲ್ಲಿ ಅವರು ಏನೂ ಹೇಳಲಿಲ್ಲ, ಎಲ್ಲರನ್ನೂ ಕಳಿಸಿದರು. ಗಿಣಿ, ನೀ ನಿಲ್ಲು ಎಂದರು. ನಾನು ಕಾರ್ಪೆಟ್ಟಿನ ಮೇಲೆ ನಿಂತೆ. ಅವರು ನಾಲ್ಕನೇ ಕಂಪ್ಯೂಟರಿಗೆ ಬಟ್ಟೆ ಹೊದಿಸುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

"ಪತ್ರ ನನಗೂ ಓದಾಕ ಕೊಟ್ರು. ಛಲೋ ಬರದಾರ. ನಾ ಹೇಳಬೇಕಾಗಿದ್ದ ಮಾತ ಅದು. ನನಗ ಧೈರ್ಯ ಸಾಲಲಿಲ್ಲ."

ಬಟ್ಟೆಯ ಮೂಲೆಗಳನ್ನು ಎಳೆದು ಸಿಕ್ಕಿಸಿದರು.

"ಯಾರು ಬರದಾರ ಅವರು ಬಂದು ಹೇಳಿದ್ರ ಹೆಡ್ ಸರ್ ಎರಡು ಹೊಡಿತಾರ, ನಾಕ ದಿನ ಹೊರಗ ನಿಲ್ಲಸ್ತಾರ. ಅದಕ್ಕಿಂತ ಹೆಚ್ಚಿಗಿ ಆಗಗೊಡಂಗಿಲ್ಲ, ನಾ ಅದೇನಿ. ಹೇಳದಿದ್ರ ನನ್ನ ಕೆಲಸ ಹೋಗತೈತಿ. ನೀ ಏನರೇ ಹೇಳೂದು ಐತೇನು?"

ಒಂದು ವಾಕ್ಯ ಸಾಕಿತ್ತು. ನಾನು ಏನು ಮಾಡಿದೆ ಎಂದರೆ, ಮೂರು ಸಲ ಕೆಮ್ಮಿದೆ. ಮೂಗಿನಿಂದ, ಹೆಡ್ ಸರ್ ಧ್ವನಿಯಲ್ಲಿ, "ಎಲ್ಲಾದಕ್ಕೂ ದಾಖಲೆ ಇರಬೇಕ್ರಿ ಅಕ್ಕೋರ" ಎಂದೆ. ಅವರಿಗೆ ನಗು ಬಂತು. ಬೇಡವೆಂದರೂ ಬಂತು. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಈಗ ತಿರುಗಿ ನನ್ನನ್ನು ನೋಡಿದರು.

"ಹೂಂ. ಇನ್ನ ನಿನ್ನ ಧ್ವನಿಲೆ ಹೇಳು."

"ನನಗೇನ್ ಗೊತ್ತಿಲ್ರೀ" ಎಂದೆ. ಅದು ಯಾರ ಧ್ವನಿ ಎಂದು ಇವತ್ತಿಗೂ ಹುಡುಕುತ್ತಿದ್ದೇನೆ.

ಅಪ್ಪ ಹೊಡೆಯುತ್ತಾನೆ ಎಂದು ಹೆದರಿದ್ದೆ, ಹತ್ತನೇ ಇಯತ್ತೆಯ ದಾಖಲೆ ಕೆಡುತ್ತದೆ ಎಂದು ಹೆದರಿದ್ದೆ ಎಂದೆಲ್ಲ ಬರೆಯಬಹುದು. ಹೆದರಿಕೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಆ ವಾರ ಇಡೀ ಶಾಲೆ ಆ ಪತ್ರದ ಮಾತನ್ನು ಆಡಿಕೊಂಡು ನಗುತ್ತಿತ್ತು, 'ತಾವೂ ಬಾಗಲದಾಗ ನಿಲ್ರಿ' ಎಂಬುದು ಮೂತ್ರಿಯ ಗೋಡೆಯ ಮೇಲೂ ಬಂದಿತ್ತು. ಯಾರು ಬರೆದರು ಎಂದು ಗೊತ್ತಿಲ್ಲದೆ ಎಲ್ಲರೂ ಹೊಗಳುತ್ತಿದ್ದರು. ನನಗೆ ಅದು ರುಚಿಸಿತ್ತು. ಅಕ್ಕೋರ ಮುಂದೆ ನಿಂತಾಗಲೂ ನಾಲಗೆಯ ಮೇಲೆ ಆ ರುಚಿ ಇತ್ತು. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿ ಏಳು ವರ್ಷವಾಯಿತು, ಸಿಕ್ಕಿಲ್ಲ.

ದೀಪಾವಳಿ ಸೂಟಿ ಮುಗಿಸಿ ಬಂದಾಗ ಅಕ್ಕೋರು ಇರಲಿಲ್ಲ. ಕಂಪ್ಯೂಟರ್ ಕೋಣೆಯ ಕೀಲಿ ಡ್ರಿಲ್ ಮಾಸ್ತರರ ಕೈಗೆ ಹೋಯಿತು. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದರು, ನಾವು ಒಳಗೆ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದೆವು. ಶನಿವಾರದ ಹತ್ತು ನಿಮಿಷಗಳಿಗೆ ಯಾವ ವಹಿಯೂ ಇರಲಿಲ್ಲ, ಹಾಗಾಗಿ ಅವು ಹೋದದ್ದು ಯಾರಿಗೂ ತಿಳಿಯಲಿಲ್ಲ. ಮುಂದಿನ ಮಳೆಗಾಲಕ್ಕೆ ನಮಗಿಂತ ಕೆಳಗಿನ ತರಗತಿಯ ಒಬ್ಬಳು ಹುಡುಗಿ ಶಾಲೆ ಬಿಟ್ಟಳು. ಇಂಟರ್ನೆಟ್ ಅಂಗಡಿಯಲ್ಲಿ ಲಾಗೌಟ್ ಮಾಡದೆ ಎದ್ದು ಬಂದಿದ್ದಳಂತೆ, ಅವಳ ಹೆಸರಿನಲ್ಲಿ ಯಾರು ಯಾರೋ ಏನೇನೋ ಬರೆದು ಕಳಿಸಿದರಂತೆ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವವರು ಇದ್ದರು, ಅವರನ್ನು ನಾನು ಹೊರಗೆ ಕಳಿಸಿದ್ದೆ.

ಎರಡು ವರ್ಷದ ಹಿಂದೆ ಒಂದು ಪರೀಕ್ಷೆಗೆ ಅರ್ಜಿ ತುಂಬಬೇಕಾಗಿತ್ತು. ಹಳೇ ಹುಬ್ಬಳ್ಳಿಯಲ್ಲಿ ಮದುವೆಯೊಂದರ ಕಾರ್ಯಕ್ರಮ ಮುಗಿಸಿ ಬರುವಾಗ ಓಣಿಯ ಬಾಯಲ್ಲಿ ಒಂದು ಝೆರಾಕ್ಸು, ಟೈಪಿಂಗು, ಆನ್‌ಲೈನ್ ಅರ್ಜಿಯ ಅಂಗಡಿ ಕಂಡಿತು. ಮೆಟ್ಟಿಲ ಮೇಲೆ ಚಪ್ಪಲಿಗಳ ರಾಶಿ ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ಒಳಗೆ ಹೋದ ಮೇಲೆ ತಿಳಿಯಿತು: ಅಕ್ಕೋರು. ಕೂದಲಲ್ಲಿ ಒಂದೆರಡು ಬಿಳಿ ಎಳೆ, ಕಣ್ಣಿಗೆ ಕನ್ನಡಕ. ಹಿಂದಕ್ಕೆ ತಿರುಗಲು ನಾಚಿಕೆ, ಮಾತಾಡಲು ಹೆದರಿಕೆ. ಗಿಣಿಗೆ ಗೊತ್ತಿದ್ದ ಉಪಾಯ ಒಂದೇ. ಗಂಟಲು ದಪ್ಪ ಮಾಡಿಕೊಂಡು ಒಬ್ಬ ಆಟೋ ಡ್ರೈವರನ ಧ್ವನಿಯಲ್ಲಿ ಅರ್ಜಿ ತುಂಬಬೇಕು ಎಂದೆ. ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ, ಅವರು ಟೈಪು ಮಾಡುತ್ತ ಹೋದರು. ಕೊನೆಗೆ ಪಾಸ್‌ವರ್ಡಿನ ಜಾಗ ಬಂತು. ಉಳಿದ ಅಂಗಡಿಗಳಲ್ಲಿ, ಹೇಳ್ರಿ ಲಗೂ, ಎಂದು ತಾವೇ ಹೊಡೆಯುತ್ತಾರೆ. ಅವರು ಎದ್ದು ಕೀಬೋರ್ಡನ್ನು ನನ್ನ ಕಡೆ ಸರಿಸಿದರು.

"ನೀವ ಹೊಡ್ರಿ. ನಾ ನೋಡಂಗಿಲ್ಲ."

ಬೆನ್ನು ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ಆ ಬೆನ್ನಿನ ಹಿಂದೆ ಎಂಟು ಅಕ್ಷರ ಹೊಡೆಯಲು ನನಗೆ ಮೂರು ಸಲ ತಪ್ಪಿತು. ಕಾಗದ ಹೊರಗೆ ಬಂದ ಮೇಲೆ, ಹೆಸರು, ಊರು ಸರಿ ಇದ್ದಾವೇನು ನೋಡಿಕೊಳ್ಳಿ ಎಂದು ಕೈಗೆ ಕೊಟ್ಟರು. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುವಾಗ ಕಾಗದ ನೋಡಿದೆ. ನನ್ನ ಹೆಸರು. ನನ್ನ ಅಪ್ಪನ ಹೆಸರು. ಹತ್ತನೇ ಇಯತ್ತೆ ಓದಿದ ಶಾಲೆಯ ಹೆಸರು, ಮಾಳಮಡ್ಡಿ, ಎರಡು ಸಾವಿರದ ಮೂರು. ಧ್ವನಿ ಬದಲಿಸಿದ ಶಾಣ್ಯಾನಿಗೆ ಹೆಸರು ಹೇಳುತ್ತಿದ್ದೇನೆ ಎಂಬುದೇ ನೆನಪಿರಲಿಲ್ಲ. ಪ್ರತಿ ಅಕ್ಷರವನ್ನೂ ಅವರೇ ತಮ್ಮ ಬೆರಳಿನಿಂದ ಹೊಡೆದಿದ್ದರು. ಹೊಡೆದು, ಮತ್ತೆ ನನಗೆ ಬೆನ್ನು ತಿರುಗಿಸಿ ನಿಂತಿದ್ದರು.

ಗ್ಯಾದರಿಂಗಿನ ದಿನ ನಾನು ಹೊಸ ಆಟೋ ಡ್ರೈವರ್, ಹಳೇ ಎಮ್ಮೆ ಎಲ್ಲ ತಯಾರು ಮಾಡಿಕೊಂಡು ಬಂದಿದ್ದೆ. ನನಗಿಂತ ಮೊದಲು ಒಬ್ಬ ಅತಿಥಿ ಇಂಟರ್ನೆಟ್ಟು, ಮೊಬೈಲುಗಳನ್ನು ಹುಷಾರಾಗಿ ಬಳಸುವ ಬಗ್ಗೆ ಅರ್ಧ ತಾಸು ಮಾತಾಡಿದರು. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ಮಕ್ಕಳೇ ಎಂದು ಅವರು ಮೈಕಿನಲ್ಲಿ ಹೇಳುತ್ತಿರುವಾಗ, ಕೆಳಗೆ ಸಾಲಿನಿಂದ ಸಾಲಿಗೆ ಒಂದು ವಹಿ ಸಾಗುತ್ತಿತ್ತು. ರಟ್ಟು ಈಗ ನೀಲಿ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಹೊಸ ಹೆಡ್ ಸರ್‌ಗೆ ಅದೇನು ಎಂದು ಕೇಳಿದೆ. ಹಳೆಯವರು ನಿವೃತ್ತರಾಗಿ ನಾಲ್ಕು ವರ್ಷ. ಇವರಿಗೆ ಕೆಮ್ಮು ಇಲ್ಲ.

"ಹುಡುಗೂರ ಪಾಸ್‌ವರ್ಡ್ ವಹಿರಿ. ಮರೀತಾವ ಮಂಗ್ಯಾನಂಥವು. ಮೊದಲಿಂದ ಬಂದ ಪದ್ಧತಿ."

ನನ್ನ ಹೆಸರು ಕೂಗಿದರು. ಹೋದೆ. ಎಮ್ಮೆ ಮಾಡಿದೆ, ಲೂನಾ ಮಾಡಿದೆ, ಹಳೆಯ ಹೆಡ್ ಸರ್ ಮಾಡಿದೆ, ಗುರುತಿದ್ದ ಇಬ್ಬರು ಮಾಸ್ತರರು ಹೊಟ್ಟೆ ಹಿಡಿದುಕೊಂಡರು. ಆಮೇಲೆ, "ಅಲ್ಲ, ನಾ ಏನಂತೇನಿ ಅಂದ್ರ" ಎಂದು ಕರಡಿಗೆಯ ಪಾಠವನ್ನು ಪೂರ್ತಿ ಹೇಳಿದೆ, ಕೈಯನ್ನು ಅವರು ತೋರಿಸಿದ ಹಾಗೆಯೇ ತಿರುವಿ. ಮಕ್ಕಳಿಗೆ ಖುಷಿಯಾಯಿತು. ಯಾರ ಧ್ವನಿ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆಗ ನಾನು ತಿರುವಿದ ಕೈ ಇಳಿಸಿ ಮೈಕನ್ನು ಬಾಯಿಯ ಹತ್ತಿರ ತಂದೆ. ಮುಂದೆ ಬಂದ ಮಾತಿಗೆ ತಯಾರಿ ಇರಲಿಲ್ಲ. ನನ್ನ ಹೆಸರು ಬಸವರಾಜ, ನಾನು ಇದೇ ಶಾಲೆಯ ವಹಿಯಿಂದ ನಮ್ಮ ಅಕ್ಕೋರ ಪಾಸ್‌ವರ್ಡ್ ಕದ್ದೆ, ಅವರ ಹೆಸರಿನಲ್ಲಿ ಪತ್ರ ಬರೆದೆ, ಅವರು ಕೇಳಿದಾಗ ಗೊತ್ತಿಲ್ಲ ಎಂದೆ, ಅವರ ಕೆಲಸ ಹೋಯಿತು, ಆ ವಹಿಯಲ್ಲಿ ಏನೂ ಬರೆಯಬೇಡಿ, ಕೊಡಬೇಡಿ ಎಂದೆ. ಧ್ವನಿ ನಡುಗುತ್ತಿತ್ತು, ನಡುವೆ ಎರಡು ಸಲ ಒಡೆಯಿತು. ಒಡೆದಾಗಲೆಲ್ಲ ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ವಹಿ ಇಟ್ಟುಕೊಂಡಿದ್ದ ಹುಡುಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಬಗ್ಗಿ ತನ್ನ ಸಾಲು ತುಂಬಿ, ಸಹಿ ಮಾಡಿ, ವಹಿಯನ್ನು ಪಕ್ಕದವಳಿಗೆ ದಾಟಿಸಿದಳು.

ಹೊಸ ಹೆಡ್ ಸರ್ ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಚಪ್ಪಾಳೆಯ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, ತಪ್ಪು ತಿಳಿಯಬೇಡಿ ಎಂಬ ದನಿಯಲ್ಲಿ ಹೇಳಿದರು:

"ಎಮ್ಮಿ ಅಂತೂ ಭಾಳ ಛಲೋ ಆತ್ರಿ. ಆ ಕಡೀದು, ಕಳ್ಳ ಹುಡುಗನ ಧ್ವನಿ ಮಾಡಿದ್ರಲ್ಲ, ಅದೊಂದು ಅಷ್ಟು ಖರೇ ಅನಸಲಿಲ್ಲ ನೋಡ್ರಿ."